ಕಾಣದ ಹರಾಜುಕಟ್ಟೆಯಲ್ಲಿ ಅಜ್ಜನ ಶಾಯಿಪೆನ್ನು

ಹರಾಜು ಎಂಬುದು ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಒಕ್ಕಲು ಮನೆತನಗಳಿಗೆ ಹೊಸ ಸಂಗತಿಯಲ್ಲ. ತೊಗರಿಯಾಗಲಿ, ಶೇಂಗಾ ಆಗಲಿ, ಮಾರುಕಟ್ಟೆಯ ಪ್ರಾಂಗಣದಲ್ಲಿ ರಾಶಿಯ ಮುಂದೆ ನಿಂತ ವ್ಯಾಪಾರಿ ಒಂದು ಹಿಡಿ ಕಾಳನ್ನು ಅಂಗೈಗೆ ತೆಗೆದುಕೊಂಡು, ಹಲ್ಲಿನಲ್ಲಿ ಕಡಿದು, ತೇವ ನೋಡಿ, ಅನಂತರವೇ ಬೆಲೆ ಹೇಳುತ್ತಾನೆ. ಮಾರುವವನೂ ಕೊಳ್ಳುವವನೂ ಒಬ್ಬರ ಮುಖವನ್ನೊಬ್ಬರು ಕಾಣುತ್ತಾರೆ. ಬೆಲೆ ಏರಿಸುವವರು ಯಾರು, ಅವರ ಊರು ಯಾವುದು, ಅವರ ಮಾತಿಗೆ ತೂಕವೆಷ್ಟು ಎಂಬುದು ಸುತ್ತ ನಿಂತವರಿಗೆಲ್ಲ ಗೊತ್ತಿರುತ್ತದೆ.

ಅದೇ ಹರಾಜು ಈಗ ಮೊಬೈಲ್ ಫೋನಿನ ಪರದೆಯೊಳಗೆ ಬಂದು ಕುಳಿತಿದೆ. ಅಲ್ಲಿ ರಾಶಿ ಕಾಣುವುದಿಲ್ಲ, ರಾಶಿಯ ಚಿತ್ರ ಮಾತ್ರ ಕಾಣುತ್ತದೆ. ಮಾರುವವನಿಗೆ ಮುಖವಿಲ್ಲ, ಒಂದು ಅಂಕಿತನಾಮವಿದೆ. ಈ ಕಾಣದ ಕಟ್ಟೆಯ ಮೇಲೆ ಮಾರಾಟಕ್ಕೆ ಬರುವ ನೂರಾರು ಬಗೆಯ ವಸ್ತುಗಳಲ್ಲಿ ಹಳೆಯ ಶಾಯಿಪೆನ್ನೂ ಒಂದು. ಶಾಲಾ ಮಕ್ಕಳಿರುವ ಮನೆಗಳಿಗೆ ಈ ವಿಷಯ ಎರಡು ಕಾರಣಗಳಿಂದ ಮುಖ್ಯವಾಗುತ್ತದೆ. ಅಕ್ಷರದ ಮೇಲೆ ಪ್ರೀತಿಯುಳ್ಳ ಶಿಕ್ಷಕರೂ ತರುಣರೂ ಹಳೆಯ ಪೆನ್ನುಗಳನ್ನು ಇಲ್ಲಿ ಕೊಳ್ಳಲು ಮುಂದಾಗುತ್ತಿದ್ದಾರೆ ಎಂಬುದು ಮೊದಲನೆಯದು. ಶಾನುಭೋಗರೋ ವಕೀಲರೋ ಶಿಕ್ಷಕರೋ ಆಗಿದ್ದ ಹಿರಿಯರ ಪೆನ್ನೊಂದು ಹಲವು ಮನೆಗಳ ಟ್ರಂಕಿನಲ್ಲಿ ಇಂದಿಗೂ ಉಳಿದಿದ್ದು, ಅದರ ಬೆಲೆ ಮನೆಯವರಿಗೆ ತಿಳಿಯದೆ ಇರುವುದು ಎರಡನೆಯದು. ಕೊಳ್ಳುವವರೂ ಮಾರುವವರೂ ಇಬ್ಬರೂ ಮೋಸಹೋಗುವ ಸಂಭವವಿರುವ ವ್ಯವಹಾರವಿದು.

ಈ ಸೀಮೆಗೂ ಪೆನ್ನಿಗೂ ಇರುವ ನಂಟು

ದೌತಿಯ ಮಸಿಯಲ್ಲಿ ಟಾಕು ಅದ್ದಿ ಬರೆಯುತ್ತಿದ್ದ ಕಾಲಕ್ಕೆ ಕೊನೆ ಹಾಡಿದ್ದು, ತನ್ನ ಹೊಟ್ಟೆಯಲ್ಲೇ ಶಾಯಿ ತುಂಬಿಕೊಳ್ಳುವ ಪೆನ್ನು. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಅಂಥ ಪೆನ್ನಿಗೆ ಪೇಟೆಂಟ್ ಪಡೆದರು. ಜಾರ್ಜ್ ಪಾರ್ಕರ್ ಅವರ ಕಂಪನಿ 1888ರಲ್ಲಿ ಆರಂಭವಾಯಿತು. ಕೆಲವೇ ದಶಕಗಳಲ್ಲಿ ಈ ಪೆನ್ನುಗಳು ಭಾರತದ ಕೋರ್ಟು ಕಚೇರಿಗಳಿಗೂ ಬಂದವು.

ರಾಯಚೂರು, ಯಾದಗಿರಿಗಳೂ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳೂ 1956ರ ನವೆಂಬರ್ 1ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಈ ಸೀಮೆಯ ವಿದ್ಯಾವಂತರಿಗೆ ದೊಡ್ಡ ಪೇಟೆ ಎಂದರೆ ಹೈದರಾಬಾದೇ. ಅಲ್ಲಿಯ ಆಬಿಡ್ಸ್‌ನಲ್ಲಿ 1928ರಿಂದ ಹೆಸರಾದ ಡೆಕ್ಕನ್ ಪೆನ್ ಸ್ಟೋರ್ಸ್, ವಿದೇಶಿ ಪೆನ್ನುಗಳನ್ನು ಮಾರುವುದರ ಜೊತೆಗೆ ತನ್ನದೇ ಹೆಸರಿನ ಪೆನ್ನುಗಳನ್ನೂ ಮಾಡಿಸಿತು. ಅವುಗಳಲ್ಲಿ ‘ಅಡ್ವೊಕೇಟ್’ ಎಂಬ ದಪ್ಪ ಮೈಯ ಎಬೊನೈಟ್ ಪೆನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುವ ವಸ್ತು. ಎಬೊನೈಟ್ ಎಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ರಬ್ಬರು. ಅದನ್ನು ಲೇತಿನ ಮೇಲೆ ಕಡೆದು ಒಂದೊಂದೇ ಪೆನ್ನು ಮಾಡುವ ಕೈಕೆಲಸ ಅದು.

ಪೂರ್ವಕ್ಕೆ ಗೋದಾವರಿ ದಂಡೆಯ ರಾಜಮಹೇಂದ್ರವರದಲ್ಲಿ ಕೆ. ವಿ. ರತ್ನಂ ಅವರು 1932ರಲ್ಲಿ ಸ್ವದೇಶಿ ಪೆನ್ನು ತಯಾರಿಸತೊಡಗಿದರು. ಅವರು ಕಳಿಸಿದ ಪೆನ್ನು ಜೆ. ಸಿ. ಕುಮಾರಪ್ಪ ಅವರ ಮೂಲಕ ಗಾಂಧೀಜಿಯವರ ಕೈಸೇರಿತು. ಅದರಲ್ಲಿ ಬರೆದು ನೋಡಿದ ಗಾಂಧೀಜಿ, ಪೇಟೆಯಲ್ಲಿ ಸಿಗುವ ವಿದೇಶಿ ಪೆನ್ನಿಗೆ ಇದು ಒಳ್ಳೆಯ ಬದಲಿ ಎಂಬ ಅಭಿಪ್ರಾಯವನ್ನು 1935ರ ಜುಲೈನಲ್ಲಿ ಪತ್ರದ ಮೂಲಕ ತಿಳಿಸಿದರು. ಎಪ್ಪತ್ತನಾಲ್ಕು ವರ್ಷಗಳ ಅನಂತರ, 2009ರಲ್ಲಿ, ಯುರೋಪಿನ ಮಾಂಟ್‌ಬ್ಲಾಂಕ್ ಕಂಪನಿ ಗಾಂಧೀಜಿಯ ಹೆಸರಿನಲ್ಲಿ ಚಿನ್ನದ ಪೆನ್ನು ಹೊರತಂದಿತು. ದಂಡಿ ಯಾತ್ರೆಯ ಮೈಲಿಗಳ ನೆನಪಿಗೆಂದು 241 ಪೆನ್ನುಗಳು, ಒಂದಕ್ಕೆ ಹತ್ತು ಲಕ್ಷ ರೂಪಾಯಿಗೂ ಮಿಗಿಲಾದ ಬೆಲೆ. ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆಯನ್ನು ತಡೆಯುವ 1950ರ ಕಾಯ್ದೆಯ ಆಧಾರದಲ್ಲಿ ಕೇರಳ ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದಿತು. 2010ರಲ್ಲಿ ಭಾರತದಲ್ಲಿ ಆ ಪೆನ್ನಿನ ಮಾರಾಟ ನಿಂತಿತು. ಬರೆಯುವ ಉಪಕರಣದ ಬೆಲೆ ಬೇರೆ, ಅದಕ್ಕೆ ಅಂಟಿದ ಹೆಸರಿನ ಬೆಲೆ ಬೇರೆ ಎಂಬುದನ್ನು ಈ ಎರಡು ಪೆನ್ನುಗಳು ಸ್ಪಷ್ಟಪಡಿಸುತ್ತವೆ. ಹರಾಜಿಗೆ ಇಳಿಯುವವರು ಮೊದಲು ತಿಳಿಯಬೇಕಾದ ವ್ಯತ್ಯಾಸವೂ ಇದೇ.

ಸ್ವಾತಂತ್ರ್ಯಾನಂತರ ವಿದೇಶಿ ಸರಕಿನ ಆಮದು ಬಿಗಿಯಾದಾಗ ಪಾರ್ಕರ್, ಶೇಫರ್ ಪೆನ್ನುಗಳು ಶ್ರೀಮಂತರ ಜೇಬಿನ ಆಭರಣಗಳಾದವು. ಸಾಮಾನ್ಯರು ದೇಶೀಯ ಪೆನ್ನುಗಳಲ್ಲಿ ಬರೆದರು. ಬೆಂಗಳೂರಿನ ಬ್ರಿಲ್, ಮುಂಬಯಿಯ ಕ್ಯಾಮೆಲ್, ಕಲ್ಕತ್ತೆಯ ಸುಲೇಖಾ ಶಾಯಿಗಳು ಶಾಲೆಯ ಮಕ್ಕಳ ಬೆರಳುಗಳಿಗೆ ನೀಲಿ ಬಣ್ಣ ಹಚ್ಚಿದವು. ಬಳಿಕ ಬಾಲ್‌ಪೆನ್ನು ಬಂದಿತು. ಶಾಯಿಪೆನ್ನುಗಳು ಜೇಬಿನಿಂದ ಟ್ರಂಕಿಗೆ ಇಳಿದವು. ಹರಾಜುಕಟ್ಟೆಗೆ ಬರುವ ಹಳೆಯ ಪೆನ್ನುಗಳಲ್ಲಿ ಹಲವು ಅಂಥ ಟ್ರಂಕುಗಳಿಂದಲೇ ಹೊರಟು ಬಂದವು.

ಪರದೆಯ ಮೇಲಿನ ಕೂಗು

ಅಂತರ್ಜಾಲದ ಹರಾಜು ನಡೆಯುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಪೆನ್ನಿಗೆ ಆರಂಭದ ಬೆಲೆ 500 ರೂಪಾಯಿ, ಅವಧಿ ಏಳು ದಿನ. ಶಿಕ್ಷಕರೊಬ್ಬರು ತಾವು ಕೊಡಬಲ್ಲ ಗರಿಷ್ಠ ಬೆಲೆ 3,000 ಎಂದು ನಮೂದಿಸುತ್ತಾರೆ. ಈ ಅಂಕಿ ಇತರರಿಗೆ ಕಾಣುವುದಿಲ್ಲ. ಇನ್ನೊಬ್ಬರ ಗರಿಷ್ಠ ಬೆಲೆ 1,800 ಇದ್ದರೆ, ಯಂತ್ರವು ಶಿಕ್ಷಕರ ಪರವಾಗಿ ಒಂದು ಮೆಟ್ಟಿಲು ಮಾತ್ರ ಮೇಲೇರಿ 1,850ಕ್ಕೆ ನಿಲ್ಲುತ್ತದೆ. ಗೆದ್ದವರು ತಮ್ಮ ಗರಿಷ್ಠ ಬೆಲೆಯನ್ನು ಕೊಡಬೇಕಿಲ್ಲ, ಎರಡನೆಯವರ ಬೆಲೆಗಿಂತ ತುಸು ಹೆಚ್ಚು ಕೊಟ್ಟರೆ ಸಾಕು. ಎರಡನೆಯ ಬೆಲೆಯನ್ನು ಆಧರಿಸುವ ಇಂಥ ಹರಾಜಿನಲ್ಲಿ ತನ್ನ ನಿಜವಾದ ಗರಿಷ್ಠ ಬೆಲೆಯನ್ನು ಹೇಳುವುದೇ ಜಾಣತನವೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದರು. ಅವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಆದರೆ ಈ ಜಾಣತನ ಫಲಿಸಬೇಕಾದರೆ ಎದುರಾಳಿಗಳು ನಿಜವಾದ ಎದುರಾಳಿಗಳಾಗಿರಬೇಕು. ಮಾರುವವನೇ ತನ್ನ ಗೆಳೆಯನ ಹೆಸರಿನಲ್ಲಿ, ಅಥವಾ ಇನ್ನೊಂದು ಖಾತೆಯಿಂದ ಬೆಲೆ ಏರಿಸಿದರೆ, 1,850ಕ್ಕೆ ಮುಗಿಯಬೇಕಾದ ಪೆನ್ನು 2,950ಕ್ಕೋ 3,000ಕ್ಕೋ ಮುಟ್ಟುತ್ತದೆ. ಸುಳ್ಳು ಕೂಗಿನ ಈ ಆಟ ಕಣ್ಣಿಗೆ ಕಾಣುವುದಿಲ್ಲ. ಆದರೂ ಕೆಲವು ಸುಳಿವುಗಳುಂಟು. ಒಬ್ಬನೇ ಮಾರಾಟಗಾರನ ಎಲ್ಲ ಹರಾಜುಗಳಲ್ಲೂ ಒಂದೇ ಖಾತೆ ಬೆಲೆ ಏರಿಸುತ್ತಿರುವುದು, ಆ ಖಾತೆ ಎಂದೂ ಗೆಲ್ಲದಿರುವುದು, ಅಥವಾ ಗೆದ್ದರೂ ಅದೇ ಪೆನ್ನು ಹತ್ತು ದಿನಗಳಲ್ಲಿ ಮತ್ತೆ ಮಾರಾಟಕ್ಕೆ ಬರುವುದು ಸಂಶಯಕ್ಕೆ ಎಡೆಗೊಡುತ್ತದೆ.

ಎರಡನೆಯ ಅಪಾಯ ಮನುಷ್ಯನ ಮನಸ್ಸಿನಲ್ಲೇ ಇದೆ. ಹರಾಜಿನ ಕೊನೆಯ ನಿಮಿಷದಲ್ಲಿ ಬೆಲೆಗಳು ಒಮ್ಮೆಲೇ ನುಗ್ಗುತ್ತವೆ. ಮೂರು ಸಾವಿರಕ್ಕೆ ನಿಲ್ಲಬೇಕೆಂದುಕೊಂಡವರು ‘ಇನ್ನೊಂದು ನೂರು’ ಎನ್ನುತ್ತ ಐದು ಸಾವಿರ ದಾಟುತ್ತಾರೆ. ಹಲವರು ಪೈಪೋಟಿ ಮಾಡುವಲ್ಲಿ ಗೆಲ್ಲುವವರು ಬಹುಮಟ್ಟಿಗೆ ವಸ್ತುವಿನ ಬೆಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಅಂದಾಜು ಮಾಡಿದವರೇ ಆಗಿರುತ್ತಾರೆ. ಆದ್ದರಿಂದ ಗೆಲುವು ಎಂದರೆ ಲಾಭವಲ್ಲ. ಗರಿಷ್ಠ ಬೆಲೆಯನ್ನು ಹರಾಜು ಆರಂಭವಾಗುವ ಮೊದಲೇ ಕಾಗದದ ಮೇಲೆ ಬರೆದಿಟ್ಟು, ಅದನ್ನು ಒಂದೇ ಸಲ ನಮೂದಿಸಿ ಫೋನನ್ನು ಬದಿಗಿಡುವುದು ಉತ್ತಮ ಪದ್ಧತಿ. ಆ ಗರಿಷ್ಠ ಬೆಲೆಯೊಳಗೆ ಅಂಚೆಯ ವೆಚ್ಚ, ಹರಾಜು ಸಂಸ್ಥೆಯ ಕಮಿಷನ್, ದುರಸ್ತಿಯ ಖರ್ಚು ಮೂರೂ ಸೇರಿರಬೇಕು. ವಿದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕವೂ ತೆರಿಗೆಯೂ ಬೇರೆ. ಪಾರ್ಸೆಲ್ ಮನೆ ಬಾಗಿಲಿಗೆ ಬಂದ ಮೇಲೆ ಆ ಮೊತ್ತ ಕೇಳಿ ಬೆಚ್ಚಿಬಿದ್ದರೆ ಪ್ರಯೋಜನವಿಲ್ಲ.

ಹರಾಜಿನ ಬೆಲೆ ಎಷ್ಟು ಅನಿಶ್ಚಿತವಾದುದು ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗ ಸಾಕ್ಷಿ. ಗಾಂಧೀಜಿಯವರದೆಂದು ಹೇಳಲಾದ ಒಂದು ಜೊತೆ ಕನ್ನಡಕವನ್ನು ಯಾರೋ ಸಾದಾ ಲಕೋಟೆಯಲ್ಲಿಟ್ಟು ಬ್ರಿಸ್ಟಲ್ ನಗರದ ಹರಾಜು ಸಂಸ್ಥೆಯೊಂದರ ಟಪಾಲು ಪೆಟ್ಟಿಗೆಗೆ ತುರುಕಿ ಹೋಗಿದ್ದರು. ತಜ್ಞರ ಅಂದಾಜು 10,000ದಿಂದ 15,000 ಪೌಂಡು. 2020ರ ಆಗಸ್ಟ್ 21ರಂದು ಅದು ಮಾರಾಟವಾದದ್ದು 2,60,000 ಪೌಂಡಿಗೆ, ಎಂದರೆ ಸುಮಾರು ಎರಡೂವರೆ ಕೋಟಿ ರೂಪಾಯಿಗೆ. ಇಲ್ಲಿ ಬೆಲೆ ಬಂದದ್ದು ಗಾಜಿಗಲ್ಲ, ಚೌಕಟ್ಟಿಗಲ್ಲ. ಅದು ಯಾರ ಕಣ್ಣಿನ ಮೇಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬ ವೃತ್ತಾಂತಕ್ಕೆ. ವೃತ್ತಾಂತವಿಲ್ಲದ ವಸ್ತುವಿಗೆ ವೃತ್ತಾಂತ ಕಟ್ಟುವವರೂ ಇರುತ್ತಾರೆ. ‘ನಿಜಾಮರ ಕಾಲದ ದಿವಾನರ ಪೆನ್ನು’ ಎಂಬ ಒಕ್ಕಣೆಗೆ ದಾಖಲೆ ಇಲ್ಲದಿದ್ದರೆ ಆ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ.

ಚಿತ್ರ ಹೇಳದ ಸಂಗತಿಗಳು

ಪೆನ್ನಿನ ಜೀವ ಇರುವುದು ನಿಬ್ಬಿನ ತುದಿಯಲ್ಲಿ. ಚಿನ್ನ ಮೆತ್ತನೆಯ ಲೋಹವಾದುದರಿಂದ ಕಾಗದದ ಮೇಲೆ ಬೇಗ ಸವೆಯುತ್ತದೆ. ಅದಕ್ಕಾಗಿ ತುದಿಗೆ ಬಲು ಗಟ್ಟಿಯಾದ ಬೇರೊಂದು ಲೋಹದ ಚಿಕ್ಕ ಗುಂಡನ್ನು ಬೆಸೆದಿರುತ್ತಾರೆ. ಆ ಗುಂಡು ಸವೆದಿದ್ದರೆ, ಅಥವಾ ಒಂದು ಬದಿ ಮುರಿದಿದ್ದರೆ, ಪೆನ್ನು ಎಷ್ಟೇ ಹೊಳೆಯುತ್ತಿರಲಿ ಬರವಣಿಗೆಗೆ ಒದಗದು. ಆದ್ದರಿಂದ ನಿಬ್ಬಿನ ತುದಿಯನ್ನು ಮುಂದಿನಿಂದಲೂ ಬದಿಯಿಂದಲೂ ಹತ್ತಿರದಿಂದ ತೆಗೆದ ಚಿತ್ರವನ್ನು ಕೇಳಿ ಪಡೆಯಬೇಕು. ಮಾರಾಟಗಾರ ಕೊಡಲು ಹಿಂಜರಿದರೆ ಅದೇ ಉತ್ತರವೆಂದು ತಿಳಿಯಬೇಕು. 1941ರಲ್ಲಿ ಪೇಟೆಗೆ ಬಂದು ಜಗತ್ತಿನಾದ್ಯಂತ ಹೆಸರಾದ ಪಾರ್ಕರ್ 51ರ ನಿಬ್ಬು ಬಹುಭಾಗ ಮರೆಯಲ್ಲಿದ್ದು, ಮೂತಿಯಷ್ಟೇ ಹೊರಗಿರುತ್ತದೆ. ಅದರ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಅದೇ ರೂಪವನ್ನು ಅನುಸರಿಸಿದ ಚೀನಾದ ಹೀರೋ ಪೆನ್ನುಗಳೂ ಭಾರತದಲ್ಲಿ ಹೇರಳವಾಗಿ ಬಂದಿವೆ. ಅವು ಕೆಟ್ಟ ಪೆನ್ನುಗಳಲ್ಲ, ಆದರೆ ಪಾರ್ಕರ್ ಬೆಲೆಗೆ ಕೊಳ್ಳತಕ್ಕವುಗಳೂ ಅಲ್ಲ.

ಚಿನ್ನದ ಮಾತಿಗೂ ಬೆರಗಾಗಬಾರದು. ನಿಬ್ಬಿನ ಮೇಲೆ 14ಕೆ ಅಥವಾ 585 ಎಂಬ ಮುದ್ರೆಯಿದ್ದರೆ ಅದರಲ್ಲಿ ನೂರಕ್ಕೆ 58.5ರಷ್ಟು ಚಿನ್ನವಿದೆ ಎಂದರ್ಥ. ಆದರೆ ಇಡೀ ನಿಬ್ಬಿನ ತೂಕವೇ ಬಲು ಕಡಿಮೆ. ಮುಚ್ಚಳದ ಮೇಲೆ ‘ಗೋಲ್ಡ್ ಫಿಲ್ಡ್’ ಎಂದಿದ್ದರೆ ಅದು ಚಿನ್ನದ ಹೊದಿಕೆ ಮಾತ್ರ, ಇಡಿಯ ಚಿನ್ನವಲ್ಲ. ಬರಿಯ ‘ಇರಿಡಿಯಂ ಪಾಯಿಂಟ್’ ಎಂಬ ಮುದ್ರೆ ಅಗ್ಗದ ಉಕ್ಕಿನ ನಿಬ್ಬುಗಳ ಮೇಲೂ ಇರುತ್ತದೆ. ಅದು ಹಳಮೆಯ ಗುರುತೂ ಅಲ್ಲ, ಬೆಲೆಯ ಗುರುತೂ ಅಲ್ಲ.

ಒಂದು ಪೆನ್ನಿನ ಮುಚ್ಚಳ, ಇನ್ನೊಂದರ ಕೊಳವೆ, ಮೂರನೆಯದರ ನಿಬ್ಬು ಜೋಡಿಸಿ ‘ಮೂಲ ಸ್ಥಿತಿಯ ಪೆನ್ನು’ ಎಂದು ಮಾರುವವರಿದ್ದಾರೆ. ಪಾರ್ಕರ್‌ನ ಕೆಲವು ಹಳೆಯ ಪೆನ್ನುಗಳ ಕೊಳವೆಯ ಮೇಲೆ ತಯಾರಾದ ವರ್ಷವನ್ನು ಸೂಚಿಸುವ ಒಂದು ಅಂಕಿ ಮತ್ತು ಚುಕ್ಕೆಗಳಿರುತ್ತವೆ. ವಿವರಣೆಯಲ್ಲಿ ಹೇಳಿದ ಕಾಲಕ್ಕೂ ಆ ಗುರುತಿಗೂ ತಾಳೆಯಾಗಬೇಕು. ಎಬೊನೈಟ್ ಪೆನ್ನು ಬಿಸಿಲಿಗೂ ತೇವಕ್ಕೂ ಕಪ್ಪು ಬಣ್ಣ ಕಳೆದುಕೊಂಡು ಕಂದು ತಿರುಗುತ್ತದೆ. ತೊಂಬತ್ತು ವರ್ಷ ಹಳೆಯದೆಂಬ ಎಬೊನೈಟ್ ಪೆನ್ನು ಕಾಡಿಗೆಯಂತೆ ಹೊಳೆಯುತ್ತಿದ್ದರೆ ಅದನ್ನು ಉಜ್ಜಿ ಮೆರುಗು ಕೊಟ್ಟಿರಬಹುದು. ಉಜ್ಜುವಾಗ ಮೈಮೇಲಿನ ಅಕ್ಷರಗಳೂ ಮಾಸಿಹೋಗುತ್ತವೆ. ಒಳಗೆ ರಬ್ಬರಿನ ಶಾಯಿಚೀಲವಿರುವ ಪೆನ್ನುಗಳಲ್ಲಿ ಆ ಚೀಲ ದಶಕಗಳಲ್ಲಿ ಗಟ್ಟಿಯಾಗಿ ಪುಡಿಯಾಗುವುದು ಸಹಜ. ಅದು ಮೋಸವಲ್ಲ, ಆದರೆ ಚೀಲ ಬದಲಾಯಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. ಹನಿ ಹನಿಯಾಗಿ ಫಿಲ್ಲರಿನಿಂದ ಶಾಯಿ ತುಂಬುವ ದೇಶೀಯ ಪೆನ್ನುಗಳಿಗೆ ಈ ತೊಂದರೆಯಿಲ್ಲ. ಹೊಸದಾಗಿ ಈ ಹವ್ಯಾಸ ಹಿಡಿಯುವವರಿಗೆ ಅವೇ ಹೆಚ್ಚು ಅನುಕೂಲ.

ಕಾನೂನು ಏನು ಹೇಳುತ್ತದೆ?

ಹರಾಜಿನ ಬಗ್ಗೆ ಭಾರತದ ಮೂಲ ನಿಯಮ 1930ರ ಸರಕು ಮಾರಾಟ ಕಾಯ್ದೆಯ 64ನೆಯ ಕಲಮಿನಲ್ಲಿದೆ. ಸುತ್ತಿಗೆ ಬಡಿದು, ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಹರಾಜು ಮುಗಿಯಿತೆಂದು ಸಾರಿದಾಗ ಮಾರಾಟ ಪೂರ್ಣವಾಗುತ್ತದೆ. ಅಲ್ಲಿಯವರೆಗೆ ಬೆಲೆ ಕೂಗಿದವನು ತನ್ನ ಕೂಗನ್ನು ಹಿಂಪಡೆಯಬಹುದು. ಅಂತರ್ಜಾಲದಲ್ಲಿ ಸುತ್ತಿಗೆಯ ಸ್ಥಾನದಲ್ಲಿ ಗಡಿಯಾರವಿದೆ. ಆದರೆ ಬಹುತೇಕ ವೇದಿಕೆಗಳು ಕೂಗನ್ನು ಹಿಂಪಡೆಯುವುದಕ್ಕೆ ತಮ್ಮದೇ ಬಿಗಿಯಾದ ಷರತ್ತುಗಳನ್ನು ಹಾಕಿರುತ್ತವೆ. ಖಾತೆ ತೆರೆಯುವಾಗ ಒತ್ತುವ ‘ಒಪ್ಪಿದೆ’ ಎಂಬ ಗುಂಡಿ ಆ ಷರತ್ತುಗಳಿಗೆ ಹಾಕಿದ ಸಹಿಯೇ ಸರಿ.

ಸುಳ್ಳು ಕೂಗಿನ ಬಗ್ಗೆಯೂ ಅದೇ ಕಲಮು ನೇರವಾಗಿ ಮಾತಾಡುತ್ತದೆ. ತಾನೂ ಬೆಲೆ ಕೂಗುವ ಹಕ್ಕನ್ನು ಮಾರುವವನು ಮೊದಲೇ ಪ್ರಕಟಿಸಿರದಿದ್ದರೆ, ಅವನು ಸ್ವತಃ ಕೂಗುವುದಾಗಲಿ ಬೇರೊಬ್ಬನಿಂದ ಕೂಗಿಸುವುದಾಗಲಿ ನ್ಯಾಯಸಮ್ಮತವಲ್ಲ. ಹಾಗೆ ನಡೆದ ಮಾರಾಟವನ್ನು ವಂಚನೆಯೆಂದು ಕೊಂಡವನು ಪರಿಗಣಿಸಬಹುದು. ಬೆಲೆ ಏರಿಸಲು ಹುಸಿ ಕೂಗು ಬಳಸಿದ್ದರೆ ಆ ಮಾರಾಟವನ್ನು ರದ್ದುಪಡಿಸುವ ಆಯ್ಕೆ ಕೊಂಡವನದು. ಕಷ್ಟವಿರುವುದು ನಿಯಮದಲ್ಲಲ್ಲ, ರುಜುವಾತಿನಲ್ಲಿ. ಆದ್ದರಿಂದ ಸಂಶಯ ಬಂದೊಡನೆ ಬೆಲೆ ಏರಿದ ಪಟ್ಟಿಯ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಕು.

ಅದೇ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ‘14 ಕ್ಯಾರಟ್ ಚಿನ್ನದ ನಿಬ್ಬು’ ಎಂದು ಬರೆದು ಉಕ್ಕಿನ ನಿಬ್ಬು ಕಳಿಸಿದರೆ ಅದು ಷರತ್ತಿನ ಉಲ್ಲಂಘನೆ. ‘ಆಸ್ ಈಸ್’, ಎಂದರೆ ಇದ್ದ ಸ್ಥಿತಿಯಲ್ಲಿ, ಎಂಬ ಮಾತು ಪೆನ್ನು ಬರೆಯದಿದ್ದರೆ ಮಾರಾಟಗಾರನಿಗೆ ರಕ್ಷಣೆ ಕೊಟ್ಟೀತು. ಸ್ಪಷ್ಟವಾಗಿ ಹೇಳಿದ ವಿವರಣೆಯೇ ಸುಳ್ಳಾದಾಗ ಅದರ ಮರೆಯಲ್ಲಿ ನಿಲ್ಲುವುದು ಸುಲಭವಲ್ಲ. ಸರಕು ಕೈಸೇರಿದ ಮೇಲೆ ಪರೀಕ್ಷಿಸಲು ಕೊಂಡವನಿಗೆ ನ್ಯಾಯವಾದ ಅವಕಾಶವಿರಬೇಕೆಂದು 41ನೆಯ ಕಲಮು ಹೇಳುತ್ತದೆ. ಸಮಂಜಸವಾದ ಕಾಲ ಕಳೆದರೂ ತಿರಸ್ಕಾರವನ್ನು ತಿಳಿಸದೆ ಸರಕನ್ನು ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಎಂದು 42ನೆಯ ಕಲಮು ಹೇಳುತ್ತದೆ. ಪಾರ್ಸೆಲ್ ಬಿಚ್ಚುವುದನ್ನು ವಿಡಿಯೋ ಮಾಡಿಟ್ಟು, ದೋಷ ಕಂಡ ದಿನವೇ ಬರಹದಲ್ಲಿ ತಿಳಿಸುವುದು ಇದಕ್ಕಾಗಿಯೇ. ‘ಹಬ್ಬ ಮುಗಿದ ಮೇಲೆ ನೋಡಿದರಾಯಿತು’ ಎನ್ನುವವರ ಹಕ್ಕು ಹಬ್ಬದೊಡನೆ ಮುಗಿಯಬಹುದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರದ ಊರುಗಳ ಜನರಿಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಮಾರಾಟಗಾರ ಮುಂಬಯಿಯಲ್ಲಿರಲಿ ದೆಹಲಿಯಲ್ಲಿರಲಿ, ಗ್ರಾಹಕನು ತಾನು ವಾಸಿಸುವ ಪ್ರದೇಶದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಮೊದಲ ಹೆಜ್ಜೆಯಾಗಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ವೇದಿಕೆಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ತಲುಪಿತೆಂದು 48 ಗಂಟೆಗಳಲ್ಲಿ ತಿಳಿಸಿ, ಒಂದು ತಿಂಗಳಲ್ಲಿ ಅದನ್ನು ಪರಿಹರಿಸಬೇಕು. ಹೇಳಿದ ಗುಣಲಕ್ಷಣವಿಲ್ಲದ ಸರಕನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ.

ಆದರೆ ಇಲ್ಲೊಂದು ಬಿರುಕಿದೆ. ವ್ಯಾಪಾರವಾಗಿ ಅಲ್ಲದೆ, ತನ್ನ ಮನೆಯ ಒಂದು ವಸ್ತುವನ್ನು ಖಾಸಗಿಯಾಗಿ ಮಾರುವ ವ್ಯಕ್ತಿಗೆ ಈ ಇ-ಕಾಮರ್ಸ್ ನಿಯಮಗಳು ಅನ್ವಯಿಸುವುದಿಲ್ಲ. ಹಳೆಯ ಪೆನ್ನಿನ ಮಾರಾಟಗಾರರಲ್ಲಿ ಇಂಥವರೂ ಇರುತ್ತಾರೆ. ಅವರ ಮೇಲೆ ಉಳಿಯುವುದು ಸರಕು ಮಾರಾಟ ಕಾಯ್ದೆ, ಕರಾರು ಕಾಯ್ದೆಗಳ ಸಾಮಾನ್ಯ ಪರಿಹಾರ. ಎರಡು ಸಾವಿರ ರೂಪಾಯಿಗಾಗಿ ಸಿವಿಲ್ ದಾವೆ ಹೂಡುವವರು ಯಾರು? ವಿದೇಶದ ಮಾರಾಟಗಾರನ ಮೇಲಂತೂ ಆ ವೇದಿಕೆಯ ಹಣ ವಾಪಸಾತಿ ನಿಯಮವೇ ಮುಖ್ಯ ಆಸರೆ. ವೇದಿಕೆಯನ್ನು ಬಿಟ್ಟು ‘ನೇರವಾಗಿ ಹಣ ಕಳಿಸಿ, ಕಡಿಮೆಗೆ ಕೊಡುತ್ತೇನೆ’ ಎನ್ನುವವನ ಮಾತಿಗೆ ಒಪ್ಪಿದ ಕ್ಷಣದಲ್ಲಿ ಆ ಆಸರೆಯೂ ತಪ್ಪುತ್ತದೆ.

ಮಕ್ಕಳ ಕೈಯಲ್ಲಿ ತಂದೆಯ ಫೋನು

ಶಾಲಾ ಮಕ್ಕಳಿರುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕು. 1872ರ ಕರಾರು ಕಾಯ್ದೆಯ 11ನೆಯ ಕಲಮಿನ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡಲು ಅರ್ಹರಲ್ಲ. ಅಪ್ರಾಪ್ತರ ಕರಾರು ಆರಂಭದಿಂದಲೇ ಶೂನ್ಯ ಎಂಬುದನ್ನು ಪ್ರಿವಿ ಕೌನ್ಸಿಲ್ 1903ರಲ್ಲಿ ಮೋಹರಿ ಬೀಬಿ ಪ್ರಕರಣದಲ್ಲಿ ಖಚಿತಪಡಿಸಿತು. ಹಾಗಾದರೆ ಒಂಬತ್ತನೆಯ ತರಗತಿಯ ಹುಡುಗ ತಂದೆಯ ಫೋನಿನಲ್ಲಿ ಬೆಲೆ ಕೂಗಿ ಗೆದ್ದರೆ ಏನಾಗುತ್ತದೆ? ಖಾತೆ ತಂದೆಯದು, ಹಣದ ಗುಪ್ತಸಂಖ್ಯೆ ತಂದೆಯದು. ಗುಂಡಿ ಒತ್ತಿದ ಬೆರಳು ಮಗನದೆಂದು ತೋರಿಸುವ ಹೊಣೆ ತಂದೆಯ ಮೇಲೆ ಬೀಳುತ್ತದೆ, ಅದು ಸುಲಭದ ಕೆಲಸವಲ್ಲ. ಕಾನೂನಿನ ರಕ್ಷಣೆಗಿಂತ ಗುಪ್ತಸಂಖ್ಯೆಯ ರಕ್ಷಣೆ ಅಗ್ಗವಾದುದು.

ಹಾಗೆಂದು ಮಗುವಿನ ಆಸೆಯನ್ನು ಗದರಿಸಿ ಮುಗಿಸಬೇಕಿಲ್ಲ. ಶಾಯಿಪೆನ್ನು ಬಯಸುವ ಮಗು ಬಯಸುತ್ತಿರುವುದು ಒಳ್ಳೆಯದನ್ನೇ. ಕನ್ನಡದ ಅಕ್ಷರ ದುಂಡಗಿನದು. ಒತ್ತಡವಿಲ್ಲದೆ ಹರಿಯುವ ಶಾಯಿಪೆನ್ನು ಆ ದುಂಡಿಗೆ ಹೊಂದುತ್ತದೆ, ಕೈಯೂ ಬೇಗ ದಣಿಯುವುದಿಲ್ಲ. ಅದಕ್ಕೆ ಹರಾಜಿನ ಪೆನ್ನೇ ಬೇಕಿಲ್ಲ. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಹೊಸ ಪೆನ್ನು ಮತ್ತು ಒಂದು ಸೀಸೆ ಶಾಯಿ ಸಾಕು. ಅದರಲ್ಲಿ ಒಂದು ವರ್ಷ ಬರೆದು, ವಾರಕ್ಕೊಮ್ಮೆ ತಣ್ಣೀರಿನಲ್ಲಿ ತೊಳೆದು, ಮುಚ್ಚಳ ಹಾಕಿಡುವ ಶಿಸ್ತು ಕಲಿತ ಮಗುವಿಗೆ ಅಜ್ಜನ ಪೆನ್ನನ್ನು ನಂಬಿ ಕೊಡಬಹುದು.

ಮಾರಲು ಹೊರಡುವ ಮನೆಗೆ

ಮಾರುವವರು ಕಾಯಬೇಕಾದ ಮೋಸ ಬೇರೆ ಬಗೆಯದು. ‘ನಿಮ್ಮ ಪೆನ್ನು ಬೇಕು, ಮುಂಗಡ ಕಳಿಸುತ್ತೇನೆ’ ಎಂದು ಕರೆ ಮಾಡಿ, ಒಂದು ಕ್ಯೂಆರ್ ಚಿತ್ರ ಕಳಿಸಿ, ಗುಪ್ತಸಂಖ್ಯೆ ಒತ್ತಲು ಹೇಳುತ್ತಾರೆ. ಹಣ ಪಡೆಯಲು ಯುಪಿಐ ಗುಪ್ತಸಂಖ್ಯೆ ಎಂದೂ ಬೇಕಾಗುವುದಿಲ್ಲ. ಅದು ಬೇಕಾಗುವುದು ಹಣ ಕೊಡಲು, ಅಥವಾ ತನ್ನದೇ ಖಾತೆಯ ಬಾಕಿ ನೋಡಲು. ಮೋಸ ನಡೆದುಹೋದರೆ ನಾಚಿಕೆಯಿಂದ ಸುಮ್ಮನಾಗದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಸರಕು ಮಾರಾಟ ಕಾಯ್ದೆಯ ಇಸವಿಯೂ ಈ ಸಹಾಯವಾಣಿಯ ಸಂಖ್ಯೆಯೂ ಒಂದೇ ಆಗಿರುವುದು ನೆನಪಿಗೆ ಅನುಕೂಲ.

ಗುಜರಿಯವನಿಗೆ ಹಳೆಯ ಪೆನ್ನನ್ನು ತೂಕಕ್ಕೆ ಕೊಡುವುದು, ಚಿನ್ನದ ನಿಬ್ಬನ್ನು ಕಿತ್ತು ಕರಗಿಸಲು ಕೊಡುವುದು, ಇವೆರಡೂ ನಷ್ಟದ ಬಾಬತ್ತುಗಳು. ನಿಬ್ಬು ಹೋದ ಪೆನ್ನಿಗೆ ಬೆಲೆಯಿಲ್ಲ, ಪೆನ್ನಿಲ್ಲದ ನಿಬ್ಬಿಗೆ ಸಿಗುವುದು ತುಣುಕು ಚಿನ್ನದ ಬೆಲೆ. ಮಾರುವ ಮುನ್ನ ಮರಳುಕಾಗದದಿಂದ ಉಜ್ಜಬಾರದು, ಬಿಸಿನೀರಿನಲ್ಲಿ ಅದ್ದಬಾರದು, ಕೆತ್ತಿಸಿದ ಹೆಸರನ್ನು ಅಳಿಸಬಾರದು. ಅದೇ ಪೆನ್ನು ಹಿಂದೆ ಯಾವ ಬೆಲೆಗೆ ‘ಮಾರಾಟವಾಯಿತು’ ಎಂಬುದನ್ನು ನೋಡಬೇಕು. ಮಾರಾಟಗಾರರು ‘ಕೇಳುತ್ತಿರುವ’ ಬೆಲೆಗೆ ಅರ್ಥವಿಲ್ಲ, ಕೇಳುವವನ ಬಾಯಿಗೆ ತೆರಿಗೆಯಿಲ್ಲ. ಒಡಹುಟ್ಟಿದವರಿರುವ ಮನೆಯಲ್ಲಿ ಹಿರಿಯರ ವಸ್ತು ಒಬ್ಬರದೇ ಅಲ್ಲ. ಮಾರುವ ಮೊದಲು ಎಲ್ಲರ ಒಪ್ಪಿಗೆ ಪಡೆಯುವುದು ಕಾನೂನಿಗೂ ನೆಂಟಸ್ತಿಕೆಗೂ ಕ್ಷೇಮ. ತನ್ನದಲ್ಲದ್ದನ್ನು ಮಾರಿದವನಿಂದ ಕೊಂಡವನಿಗೆ ಸಾಮಾನ್ಯವಾಗಿ ಒಳ್ಳೆಯ ಹಕ್ಕು ಸಿಗುವುದಿಲ್ಲ ಎಂಬುದು ಅದೇ ಕಾಯ್ದೆಯ 27ನೆಯ ಕಲಮಿನ ತತ್ತ್ವ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಆ ಪೆನ್ನು ಯಾರದು, ಅವರು ಯಾವ ಊರಿನಲ್ಲಿ ಏನು ಕೆಲಸ ಮಾಡಿದರು, ಅದರಲ್ಲಿ ಏನನ್ನು ಬರೆದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದಿಡಬೇಕು. ಈ ಗಡಿಸೀಮೆಯಲ್ಲಿ ಜಮೀನಿನ ಪತ್ರ ಉರ್ದುವಿನಲ್ಲಿ, ಪೇಟೆಯ ಲೆಕ್ಕ ತೆಲುಗಿನಲ್ಲಿ, ಮನೆಯ ಕಾಗದ ಕನ್ನಡದಲ್ಲಿ ಬರೆದ ಕೈಗಳಿದ್ದವು. ಒಂದೇ ಪೆನ್ನು ಮೂರು ಲಿಪಿಗಳಿಗೆ ಒದಗಿದ್ದುಂಟು. ಆ ವೃತ್ತಾಂತ ಬರೆಯದೆ ಹೋದರೆ ಪೆನ್ನು ಮಾರಾಟವಾಗಲಿ ಆಗದಿರಲಿ, ಮುಂದಿನ ತಲೆಮಾರಿಗೆ ಅದು ಬರಿಯ ರಬ್ಬರಿನ ಕೊಳವೆ. ಬರೆದಿಟ್ಟರೆ ಮಾರುವವರಿಗೆ ಬೆಲೆ ಹೆಚ್ಚೀತು, ಉಳಿಸಿಕೊಳ್ಳುವವರಿಗೆ ಮನೆತನದ ಒಂದು ದಾಖಲೆ ದೊರೆತೀತು. ಬೇಸಿಗೆ ರಜೆಯಲ್ಲಿ ಕನ್ನಡ ಶಾಲೆಯ ಮಗುವಿಗೆ ಈ ಕೆಲಸ ವಹಿಸಬಹುದು. ಅಜ್ಜಿ ಹೇಳಬೇಕು, ಮೊಮ್ಮಗಳು ಬರೆಯಬೇಕು. ಸಾಧ್ಯವಾದರೆ ಅದೇ ಪೆನ್ನಿನಲ್ಲಿ.